ಅಧ್ಯಕ್ಷರು ಜಾಸ್ತಿ, ಕುರ್ಚಿ ಕಮ್ಮಿ

2021ರ ಏಪ್ರಿಲ್‌ನಲ್ಲಿ ಅಂಕಾರಾದಲ್ಲಿ ಆದ ಸೀನ್ ನೆನಪಿದ್ಯಾ? ಯುರೋಪಿಯನ್ ಯೂನಿಯನ್ ಕಡೆಯಿಂದ ಇಬ್ಬರು ಅಧ್ಯಕ್ಷರು ಟರ್ಕಿಯ ಎರ್ಡೊಗಾನ್‌ನ ನೋಡೋಕೆ ಹೋದ್ರು, ಅವರ ಪಕ್ಕ ಖಾಲಿ ಇದ್ದಿದ್ದು ಒಂದೇ ಕುರ್ಚಿ, ಯುರೋಪಿಯನ್ ಕೌನ್ಸಿಲ್ (ಅಂದ್ರೆ ಸದಸ್ಯ ದೇಶಗಳ ನಾಯಕರ ಕೂಟ) ಅಧ್ಯಕ್ಷರಾಗಿದ್ದ ಚಾರ್ಲ್ಸ್ ಮಿಶೆಲ್ ಸೀದಾ ಹೋಗಿ ಕೂತ್ಬಿಟ್ರು, ಕಮಿಷನ್ (ಯೂನಿಯನ್‌ನ ಸರ್ಕಾರ ಇದ್ದ ಹಾಗೆ) ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್ ಪಾಪ ಸ್ವಲ್ಪ ಹೊತ್ತು ನಿಂತು ನೋಡಿ ದೂರದಲ್ಲಿದ್ದ ಸೋಫಾ ಸೇರ್ಕೊಂಡ್ರು. ನಮ್ಮಲ್ಲಿ ಬೀಗರಿಗೆ ಹೀಗಾಗಿದ್ರೆ ಮದ್ವೆನೇ ನಿಂತೋಗ್ತಿತ್ತು.

ಎಲ್ರೂ ಎರ್ಡೊಗಾನ್‌ಗೆ ಬೈದ್ರು. ಟರ್ಕಿಯವರು ಮಾತ್ರ, ನಿಮ್ಮೋರು ಹೇಳಿದ ಹಾಗೇ ಕುರ್ಚಿ ಹಾಕಿದ್ದು ಕಣ್ರೀ ಅಂದ್ರು. ನನ್ನ ಕೇಳಿದ್ರೆ ತಪ್ಪು ಲಿಸ್ಬನ್ ಒಪ್ಪಂದದ್ದು, ಅಂದ್ರೆ ಯೂನಿಯನ್ ಹೇಗೆ ನಡೀಬೇಕು ಅಂತ ಸದಸ್ಯ ದೇಶಗಳು ಮಾಡ್ಕೊಂಡ ಒಪ್ಪಂದದ್ದು.

2009ರ ಡಿಸೆಂಬರ್‌ನಲ್ಲಿ ಅದು ಜಾರಿಗೆ ಬಂದಾಗ ಏನಂದ್ರು? ಆರಾರು ತಿಂಗಳಿಗೊಬ್ಬ ಅಧ್ಯಕ್ಷ ಬದಲಾಗೋ ಗೋಳು ಬೇಡ, ಯುರೋಪಿಗೆ ಒಂದು ಖಾಯಂ ಮುಖ ಇರ್ಲಿ ಅಂತ. ಸರಿ, ಯುರೋಪಿಯನ್ ಕೌನ್ಸಿಲ್‌ಗೆ ಎರಡೂವರೆ ವರ್ಷದ ಅಧ್ಯಕ್ಷ ಬಂದ, ಕಮಿಷನ್‌ಗೆ ಮೊದಲಿಂದ ಒಬ್ಬರು ಇದ್ದೇ ಇದ್ರು, ಪಾರ್ಲಿಮೆಂಟಿಗೂ ಇನ್ನೊಬ್ರು, ಆಮೇಲೆ ಆ ಆರು ತಿಂಗಳ ಸರದಿನಾದ್ರೂ ಹೋಯ್ತಾ ಅಂದ್ರೆ ಅದೂ ಇಲ್ಲ, ಮಂತ್ರಿಗಳ ಕೌನ್ಸಿಲ್‌ನಲ್ಲಿ ಹಾಗೇ ಉಳೀತು. 2012ರಲ್ಲಿ ಯೂನಿಯನ್‌ಗೆ ನೊಬೆಲ್ ಶಾಂತಿ ಬಹುಮಾನ ಬಂತು, ಒಂದು ಬಹುಮಾನ ಇಸ್ಕೊಳ್ಳೋಕೆ ಓಸ್ಲೋಗೆ ಹೋಗಿದ್ದು ಮೂರು ಜನ ಅಧ್ಯಕ್ಷರು. (ಇದೆಲ್ಲದರ ಜೊತೆ ಕೌನ್ಸಿಲ್ ಆಫ್ ಯುರೋಪ್ ಅಂತ ಇನ್ನೊಂದಿದೆ, ಅದು ಯೂನಿಯನ್‌ಗೆ ಸೇರಿದ್ದೇ ಅಲ್ಲ, ಆದ್ರೆ ಬಾವುಟ ಮಾತ್ರ ಇಬ್ಬರದ್ದೂ ಒಂದೇ!)

ಕಮಿಷನ್‌ನ ಸಣ್ಣ ಮಾಡ್ತೀವಿ ಅಂತಾನೂ ಬರೆದಿದ್ರು. 2014ರಿಂದ ಮೂರರಲ್ಲಿ ಎರಡು ಪಾಲು ದೇಶಗಳಿಗಷ್ಟೇ ಕಮಿಷನರ್ ಸೀಟು. 2008ರಲ್ಲಿ ಐರ್ಲೆಂಡಿನ ಜನ ಒಪ್ಪಂದಕ್ಕೇ ನೋ ಅಂದ್ರು, ಆಗ ಇವರು ಅಯ್ಯೋ ಬೇಜಾರಾಗ್ಬೇಡಿ, ಎಲ್ರಿಗೂ ಒಂದೊಂದು ಸೀಟು ಇರುತ್ತೆ ಅಂತ ಸಮಾಧಾನ ಮಾಡಿ ಮುಂದಿನ ವರ್ಷ ಮತ್ತೆ ಓಟು ಹಾಕಿಸಿ ಯೆಸ್ ಅನ್ನಿಸ್ಕೊಂಡ್ರು. ಈಗ 27 ದೇಶ, 27 ಕಮಿಷನರ್. ಇಟಲಿಗೆ ಒಂದು ಎಂಪಿ ಸೀಟು ಕಮ್ಮಿ ಬಿತ್ತು ಅಂತ ಮುನಿಸಾದಾಗ ಇನ್ನೂ ಮಜಾ, ಪಾರ್ಲಿಮೆಂಟಿಗೆ 750 ಸೀಟು "ಮತ್ತು ಅಧ್ಯಕ್ಷರು" ಅಂತ ಬರೆದು 751 ಮಾಡಿದ್ರು. ಚೀಟಿ ಲೆಕ್ಕದಲ್ಲಿ ನಮ್ಮ ಪಕ್ಕದ್ಮನೆ ಆಂಟಿನೂ ಇಷ್ಟು ನಾಜೂಕಾಗಿ ಆಟ ಆಡಲ್ಲ.

ಹೋಗ್ಲಿ, ಆ ಪಾರ್ಲಿಮೆಂಟ್ ಕೂರೋದೆಲ್ಲಿ? ಬ್ರಸೆಲ್ಸ್‌ನಲ್ಲಿ ಕಟ್ಟಡ ಇದೆ, ಕೆಲಸನೂ ಅಲ್ಲೇ ನಡೆಯುತ್ತೆ, ಆದ್ರೆ ವರ್ಷಕ್ಕೆ 12 ಸಲ ಫೈಲು ಟ್ರಂಕು ಸಮೇತ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋಗಿ ಕೂರ್ಲೇಬೇಕು, ಒಪ್ಪಂದದಲ್ಲೇ ಹಾಗಿದೆ. ಈ ಓಡಾಟ ನಿಲ್ಸಿದ್ರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿಯುತ್ತೆ ಅಂತ ಅವರದ್ದೇ ಆಡಿಟರ್‌ಗಳು 2014ರಲ್ಲಿ ಲೆಕ್ಕ ಕೊಟ್ರು. ನಿಲ್ಸೋಕೆ ಎಲ್ಲಾ ದೇಶಗಳೂ ಒಪ್ಬೇಕು, ಅದ್ರಲ್ಲಿ ಫ್ರಾನ್ಸೂ ಒಂದು, ಆಯ್ತಲ್ಲ.

2013ರ ನವೆಂಬರ್‌ನಲ್ಲಿ ಎಂಪಿಗಳೇ ರೊಚ್ಚಿಗೆದ್ದು, ಎಲ್ಲಿ ಕೂರ್ಬೇಕು ಅಂತ ನಾವೇ ಡಿಸೈಡ್ ಮಾಡ್ತೀವಿ ಅಂತ 483 ಓಟು ಹಾಕಿದ್ರು, ವಿರುದ್ಧ ಬಿದ್ದಿದ್ದು ಬರೀ 141.

ಓಟು ಹಾಕಿದ್ದು ಎಲ್ಲಿ ಅಂತೀರಾ, ಟ್ರಂಕು ತಗೊಂಡು ಸ್ಟ್ರಾಸ್‌ಬರ್ಗ್‌ಗೆ ಹೋಗಿ.