ನೀಲಗಿರಿ ಕಟ್ಟಿದ ನಮ್ಮ ದೊಡ್ಡಪ್ಪ
ಭಾರತದಲ್ಲೇ ಕಟ್ಟಿ 1972ರಲ್ಲಿ ನೌಕಾಪಡೆ ಸೇರಿದ ಯುದ್ಧನೌಕೆ ಐಎನ್‌ಎಸ್ ನೀಲಗಿರಿ ಬಗ್ಗೆ ಓದಿ ದೊಡ್ಡಪ್ಪ ತುಂಬಾ ನೆನಪಾದರು. ಮುಂಬೈನ ಮಜಗಾಂವ್ ಡಾಕ್‌ನಲ್ಲಿ ವೆಲ್ಡರ್ ಆಗಿದ್ದರು, ಆ ಹಡಗಿನ ತಗಡುಗಳಿಗೆ ಬೆಸುಗೆ ಹಾಕಿದವರಲ್ಲಿ ಅವರೂ ಒಬ್ಬರು. ಮೇ ರಜೆಗೆ ಗಂಗೊಳ್ಳಿಗೆ ಬಂದರೆ ಮಾತ್ರ ಕೆಲಸದ ಸುದ್ದಿಯೇ ಇಲ್ಲ. ಬೆಳಿಗ್ಗೆ ಗಾಳ ಹಿಡಿದು ಮಕ್ಕಳನ್ನೆಲ್ಲ ಹೊಳೆಬದಿಗೆ ಕರೆದುಕೊಂಡು ಹೋಗುತ್ತಿದ್ದರು, ಒಂದೇ ಒಂದು ಕಾಣೆ ಮೀನು ಸಿಕ್ಕಿದರೂ ಮೊದಲು ಅಜ್ಜಿಗೆ ತೋರಿಸಬೇಕು, ಸಂಜೆಯಾದರೆ ಸುಟ್ಟ ಕಲೆ ತುಂಬಿದ ಅದೇ ಕೈಯಲ್ಲಿ ಹಾರ್ಮೋನಿಯಂ ನುಡಿಸಿ ಎಲ್ಲರಿಂದ ಭಜನೆ ಹೇಳಿಸುತ್ತಿದ್ದರು. ಎಷ್ಟು ಮೆಲ್ಲಗೆ ನುಡಿಸುತ್ತಿದ್ದರು! 2025ರ ಜನವರಿಯಲ್ಲಿ ಅದೇ ಡಾಕ್ ಕಟ್ಟಿದ ಹೊಸ ನೀಲಗಿರಿ ಬಂತು ಅಲ್ವಾ, ಆ ದಿನ ದೊಡ್ಡಮ್ಮ ಅವರ ಫೋಟೊ ಮಡಿಲಲ್ಲಿಟ್ಟುಕೊಂಡು ಟಿವಿ ಮುಂದೆ ಕೂತಿದ್ದರು.