ಅಪ್ಪಂದಿರ ಕಾದಂಬರಿ: ಇಂಗ್ಲೆಂಡಿನ ಶೆಲ್ಫು, ಮಲೆನಾಡಿನ ಪಹಣಿ

ಇಂಗ್ಲೆಂಡಿನ ದೊಡ್ಡ ಸೂಪರ್‌ಮಾರ್ಕೆಟ್ಟುಗಳಲ್ಲಿ ಗ್ರೀಟಿಂಗ್ ಕಾರ್ಡುಗಳ ಆಸುಪಾಸು ಪೇಪರ್‌ಬ್ಯಾಕ್ ಕಾದಂಬರಿಗಳ ಶೆಲ್ಫ್ ಇರುತ್ತದೆ. ಅಲ್ಲಿ ಇಬ್ಬರು ಅಪ್ಪಂದಿರಿಗೆ ಖಾಯಂ ಜಾಗ. ಒಬ್ಬ ಹೆಂಡತಿ ತೀರಿಕೊಂಡ ಡಾಕ್ಟರು, ಅವನಿಗೆ ಐದು ವರ್ಷದ ಮಗಳು. ಇನ್ನೊಬ್ಬ ಕೆಲಸ ಬಿಟ್ಟ ಪೊಲೀಸ್, ಅವನ ಮಗಳನ್ನು ಯಾರೋ ಹೊತ್ತೊಯ್ದಿದ್ದಾರೆ. ಮೊದಲನೆಯವನದು ರೊಮಾನ್ಸ್, ಎರಡನೆಯವನದು ಥ್ರಿಲ್ಲರ್. ಈಗೀಗ ಮೊಬೈಲಿನಲ್ಲಿ ಕಂತುಕಂತಾಗಿ ಬರುವ ಕನ್ನಡ ಕಾದಂಬರಿಗಳಲ್ಲೂ ಇವರಿಬ್ಬರು ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಮನೆ ಮಾಡಿಕೊಂಡಿರುವುದು ಕಾಣುತ್ತದೆ. ವಲಸೆ ಬಂದಿದ್ದಕ್ಕೆ ನನ್ನ ತಕರಾರಿಲ್ಲ, ಹೊರನಾಡಿನಲ್ಲಿ ಕೂತವನು ಹಾಗೆ ತಕರಾರು ತೆಗೆಯುವುದೂ ಸಲ್ಲ. ಆದರೆ ಈ ಇಬ್ಬರು ಮಲೆನಾಡಿನ ಮನೆಯಲ್ಲಿ ಮೂರು ಅಧ್ಯಾಯ ಬಾಳುವುದಿಲ್ಲ. ಅಲ್ಲಿನ ಅಪ್ಪನಿಗೆ ಅವನದೇ ರೊಮಾನ್ಸು, ಅವನದೇ ಥ್ರಿಲ್ಲರು ಇದೆ. ಎರಡರ ಕೀಲಿಯೂ ಜಮೀನಿನ ಕಾಗದಪತ್ರದಲ್ಲಿದೆ.

ಮೊದಲು ಇಂಗ್ಲಿಷ್ ರೊಮಾನ್ಸಿನ ಯಂತ್ರವನ್ನು ಬಿಚ್ಚಿ ನೋಡೋಣ. ಮಿಲ್ಸ್ ಅಂಡ್ ಬೂನ್ 1908ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪ್ರಕಾಶನ. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಅದನ್ನು ಕೊಂಡುಕೊಂಡಿತು. ತಿಂಗಳು ತಿಂಗಳು ಸರಣಿಯಾಗಿ ಬರುವ ಈ ಪುಸ್ತಕಗಳ ಅಳತೆ ಹೆಚ್ಚುಕಡಿಮೆ 50,000 ಪದ. ಅಷ್ಟರಲ್ಲಿ ಗಂಡು, ಹೆಣ್ಣು, ಮಗು, ಒಂದು ಊರು ಹಿಡಿಸಬೇಕು. ಹಾಗಾಗಿ ಅಜ್ಜಿ, ಅತ್ತೆ, ಚಿಕ್ಕಪ್ಪಂದಿರು ಫೋನಿನ ಆಚೆಗಷ್ಟೇ ಇರುತ್ತಾರೆ. ಮಗುವಿನ ತಾಯಿ ಕಥೆ ಶುರುವಾಗುವ ಎರಡು ಮೂರು ವರ್ಷ ಮೊದಲೇ ತೀರಿಕೊಂಡಿರಬೇಕು. ಅದಕ್ಕೂ ಇತ್ತೀಚೆಗೆ ಅಂದರೆ ಓದುಗರು ಹುಬ್ಬೇರಿಸುತ್ತಾರೆ, ತೀರಾ ಹಳೆಯದಾದರೆ ದುಃಖಕ್ಕೆ ತೂಕವಿಲ್ಲ. ಮಗುವಿನ ವಯಸ್ಸು ನಾಲ್ಕರಿಂದ ಏಳು. ಮಾತು ಬರಬೇಕು, ದೊಡ್ಡವರ ಮಾತಿನ ಒಳಗುಟ್ಟು ತಿಳಿಯಬಾರದು.

ಎಲ್ಲಕ್ಕಿಂತ ಮುಖ್ಯ, ಆ ಮಗು ಸಂಜೆ ಏಳೂವರೆಗೆ ತನ್ನ ಕೋಣೆಯಲ್ಲಿ ಒಂದೇ ಮಲಗುತ್ತದೆ. ಇಡೀ ಕಾದಂಬರಿ ನಿಂತಿರುವುದು ಈ ಏಳೂವರೆಯ ಮೇಲೆ. ಆಮೇಲೆ ಅಪ್ಪನೂ ನಾಯಕಿಯೂ ಅಡುಗೆಮನೆಯಲ್ಲಿ ಇಬ್ಬರೇ ಉಳಿಯುತ್ತಾರೆ, ಮಾತು ಬೆಳೆಯುತ್ತದೆ. ಮಾತು ನಿಲ್ಲಬೇಕಾದಾಗ ಮಗು ಕೆಟ್ಟ ಕನಸು ಕಂಡು ಎದ್ದು ಬರುತ್ತದೆ.

ಮಲೆನಾಡಿನ ತೋಟದ ಮನೆಯಲ್ಲಿ ಇದು ನಡೆಯಲು ಸಾಧ್ಯವಿಲ್ಲ. ತಾಯಿಯಿಲ್ಲದ ಕೂಸು ಅಜ್ಜಿಯ ಮಗ್ಗುಲಲ್ಲಿ ಮಲಗುತ್ತದೆ. ಅಜ್ಜಿಗೆ ನಿದ್ದೆ ಹತ್ತುವುದೇ ಹತ್ತು ಗಂಟೆಗೆ, ಅಷ್ಟು ಹೊತ್ತಿಗೆ ಜಗಲಿಯಲ್ಲಿ ಇನ್ನಿಬ್ಬರು ನೆಂಟರು ಹಾಸಿಗೆ ಬಿಡಿಸಿರುತ್ತಾರೆ. ವಿಧುರನಿಗೆ ಒಂಟಿತನ ಇರಬಹುದು, ಏಕಾಂತ ಮಾತ್ರ ಇಲ್ಲ. ಈ ವ್ಯತ್ಯಾಸ ಹಿಡಿಯದ ಲೇಖಕರು ಅಪ್ಪನ ಕೈಗೆ ಬಾಣಲೆ ಕೊಟ್ಟು, ಮಗಳನ್ನು ಅಡುಗೆ ಕಟ್ಟೆಯ ಮೇಲೆ ಕೂರಿಸಿ ಪ್ಯಾನ್‌ಕೇಕ್ ಹುಯ್ಯಿಸುತ್ತಾರೆ. ಮನೆಯ ಮಿಕ್ಕವರೆಲ್ಲ ಆ ಹೊತ್ತಿಗೆ ಎಲ್ಲಿಗೆ ಹೋಗಿದ್ದರು ಎಂಬ ಪ್ರಶ್ನೆ ಓದುವವರ ತಲೆಯಲ್ಲಿ ಉಳಿದುಬಿಡುತ್ತದೆ.

ಇಲ್ಲಿ ವಿಧುರನ ಕಥೆ ಓಡಬೇಕಾದ್ದು ಬೇರೆ ಇಂಧನದಿಂದ. ವರ್ಷಾಂತಿಕ ಮುಗಿಯುವ ಮುಂಚೆಯೇ ಮರುಮದುವೆಯ ಮಾತು ಎದ್ದಿರುತ್ತದೆ. ಎತ್ತುವವರು ಬಹಳ ಸಲ ತೀರಿಕೊಂಡವಳ ತವರಿನವರೇ: ತಂಗಿಯನ್ನೇ ಮಾಡಿಕೊಳ್ಳಿ, ಮಗುವಿಗೆ ಹೊರಗಿನವಳು ಬೇಡ. ಆ ಅಪ್ಪನಿಗೆ ಊರ ಹೈಸ್ಕೂಲಿನ ಅತಿಥಿ ಶಿಕ್ಷಕಿಯ ಮೇಲೆ ಮನಸ್ಸಾಗಿದೆ ಅನ್ನಿ. ಈಗ ತಡೆ ಇರುವುದು ಅವನ ದುಃಖದಲ್ಲಲ್ಲ, ಮಾವನ ಮನೆಯಲ್ಲಿ. ಅವರ ಕೈಯಲ್ಲಿ ಅಸ್ತ್ರವೂ ಇದೆ. 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯ ಪ್ರಕಾರ ಅಪ್ಪನೇ ಸಹಜ ಪಾಲಕ, ನಿಜ. ಆದರೆ 1890ರ ಪಾಲಕರ ಕಾಯ್ದೆಯಡಿ ಅಜ್ಜ ಅಜ್ಜಿ ಅರ್ಜಿ ಹಾಕಬಹುದು, ಕೋರ್ಟು ನೋಡುವುದು ಮಗುವಿನ ಹಿತವನ್ನು. ಮದುವೆಯಾದರೆ ಮಗುವನ್ನು ಕಳೆದುಕೊಂಡೇನೋ ಎಂಬ ಭಯ ಇನ್ನೂರು ಪುಟ ಎಳೆಯುವಷ್ಟು ಗಟ್ಟಿ. ಹೊಸ ಹೆಣ್ಣನ್ನು ಕೆಟ್ಟವಳಾಗಿಸುವ ಅಗತ್ಯವೂ ಇಲ್ಲ, ತವರಿನವರನ್ನು ಖಳರಾಗಿಸುವ ಅಗತ್ಯವೂ ಇಲ್ಲ. ಎಲ್ಲರೂ ಮಗುವಿಗಾಗಿಯೇ ಹೊಡೆದಾಡುತ್ತಿರುತ್ತಾರೆ.

ಇದಕ್ಕಿಂತ ದೊಡ್ಡ ವಸ್ತು ಇನ್ನೊಂದಿದೆ, ಇಂಗ್ಲಿಷಿನಲ್ಲಿ ಅದಕ್ಕೆ ಮಾದರಿಯೇ ಸಿಗುವುದಿಲ್ಲ. ಅಡಿಕೆ ತೋಟ ನೋಡಿಕೊಂಡು ಊರಲ್ಲೇ ಉಳಿದ ಮಗನಿಗೆ ಮೂವತ್ತೈದಾದರೂ ಹೆಣ್ಣು ಸಿಗುತ್ತಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮದುವೆ ಮನೆಗಳಲ್ಲಿ ಊಟಕ್ಕೆ ಕೂತಾಗಲೆಲ್ಲ ಏಳುವ ಮಾತು ಇದು. ಆ ಹುಡುಗನ ಅಪ್ಪನೇ ತನ್ನ ಮಗಳನ್ನು ಮಾತ್ರ ಬೆಂಗಳೂರಿನ ಸಂಬಳದವನಿಗೇ ಕೊಡುವೆನೆಂದು ಕೂತಿರುತ್ತಾನೆ. ತೋಟವನ್ನು ಹೊಗಳಿ ಸೊಸೆಯನ್ನು ಕೇಳುವ ಬಾಯಿ, ತೋಟದ ಹುಡುಗನನ್ನು ಅಳಿಯನಾಗಿ ಒಪ್ಪುವುದಿಲ್ಲ. ಒಂದೇ ಎದೆಯಲ್ಲಿ ಇಂಥ ಇಬ್ಬರು ಅಪ್ಪಂದಿರು ಇರುವಾಗ ಕಥೆಗೆ ಬೇರೆ ಖಳ ಯಾಕೆ ಬೇಕು?

ಇಂಥ ಅಪ್ಪನಿಗೂ ಮಗನಿಗೂ ಮಾತು ಆಡಿಸುವುದು ಎಲ್ಲಿ? ಇಂಗ್ಲಿಷ್ ಕಾದಂಬರಿ ಇಬ್ಬರನ್ನೂ ಪಬ್ಬಿನಲ್ಲೋ ಕಾರಿನಲ್ಲೋ ಕೂರಿಸಿ ಮನಸ್ಸು ಬಿಚ್ಚಿಸುತ್ತದೆ. ಮಲೆನಾಡಿನಲ್ಲಿ ಎದುರಾಬದುರು ಕೂರಿಸಿದರೆ ಇಬ್ಬರೂ ಮೂಕರೇ. ಕೆಲಸದ ನಡುವೆ ಆಡಿಸಬೇಕು. ಉದಾಹರಣೆಗೆ, ಮುಂಗಾರು ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬೆರೆಸುವ ಹೊತ್ತು. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುತ್ತ ಕದಡಬೇಕು. ಒಬ್ಬ ಹುಯ್ದರೆ ಇನ್ನೊಬ್ಬ ಕದಡಬೇಕು, ಇಬ್ಬರ ಕಣ್ಣೂ ಡ್ರಮ್ಮಿನ ಮೇಲೆ. ಅಪ್ಪಯ್ಯ ಕತ್ತಿಯ ತುದಿ ಅದ್ದಿ ನೋಡುತ್ತಾನೆ, ತಾಮ್ರದ ಕೆಂಪು ಹಿಡಿದಿದೆ.

"ಇನ್ನೊಂಚೂರು ಸುಣ್ಣ ಹಾಕು."

ಹಾಕಿದ. ಮತ್ತೆ ಕದಡಿದರು.

"ಹೊಸನಗರದವರು ಏನಂದ್ರು ಅಪ್ಪಯ್ಯ?"

"ಹುಡುಗಿಗೆ ಹಳ್ಳಿ ಆಗಲ್ವಂತೆ." ಮತ್ತೆ ಕತ್ತಿ ಅದ್ದಿದ. "ಈಗ ಸರಿ ಆತು. ಬ್ಯಾರಲ್ ತಗಂಬಾ."

ಇಷ್ಟೇ ಸಾಕು. ಇದರ ಕೆಳಗೆ ಅಪ್ಪನ ಮನಸ್ಸಿನೊಳಗೆ ಏನಾಯಿತೆಂದು ಅರ್ಧ ಪುಟ ವಿವರಿಸುವ ಚಾಳಿ ನಮ್ಮ ಕಂತು ಕಾದಂಬರಿಗಳಿಗೆ ಇದೆ. ಆ ಅರ್ಧ ಪುಟ ದೃಶ್ಯವನ್ನೇ ಕೊಂದುಬಿಡುತ್ತದೆ.

ಇನ್ನು ಥ್ರಿಲ್ಲರ್. ಇಂಗ್ಲಿಷ್ ಥ್ರಿಲ್ಲರಿನ ಅಪ್ಪನಿಗೆ ನಲವತ್ತೆಂಟು ಗಂಟೆಯ ಗಡುವು ಇರುತ್ತದೆ. ಗಡುವು ಕೊಡುವವನು ಅಪಹರಣಕಾರ. ಮಲೆನಾಡಿನಲ್ಲಿ ಗಡುವನ್ನು ನೆಲವೇ ಕೊಡುತ್ತದೆ: ಹೊಳೆ ಏರುವುದು, ಕೊನೆಯ ಬಸ್ಸು, ಸಿಗ್ನಲ್ ಸಿಗುವ ಒಂದೇ ಗುಡ್ಡದ ನೆತ್ತಿ, ಮರ ಬಿದ್ದು ಕಟ್ಟಿದ ಆಗುಂಬೆ ಘಾಟಿ. ಬರೆಯುವಾಗ ಇಸವಿಯ ಮೇಲೆ ಮಾತ್ರ ನಿಗಾ ಬೇಕು. ಸಿಗಂದೂರಿಗೆ ಹೋಗುವ ಹಾದಿಯಲ್ಲಿ ಶರಾವತಿ ಹಿನ್ನೀರು ದಾಟಲು ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿಯೆಲ್ಲ ಈಚೆ ದಡದಲ್ಲೇ ಎಂಬ ಸನ್ನಿವೇಶ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಅದರ ನಂತರದ ಕಥೆಯಲ್ಲಿ ಲಾಂಚ್ ತಪ್ಪಿಸಿಕೊಂಡು ಒದ್ದಾಡುವ ಅಪ್ಪನನ್ನು ಕಂಡರೆ ಹಿನ್ನೀರಿನಾಚೆಯ ತುಮರಿಯವರು ನಗುತ್ತಾರೆ. ಕಾಡಿನಲ್ಲಿ ಅಟ್ಟಿಸಿಕೊಂಡು ಓಡುವ ದೃಶ್ಯಕ್ಕೂ ಋತುವಿದೆ. ಮಳೆಗಾಲವಾದರೆ ಉಂಬಳ (ಜಿಗಣೆ), ಬೇಸಿಗೆಯಾದರೆ ಉಣುಗು (ಉಣ್ಣೆ). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ಈ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಹೆದರಿಕೆ ಇವತ್ತಿಗೂ ಇದೆ. ಮಂಗ ಸತ್ತ ಸುದ್ದಿ ಬಂದ ಕಾಡಿಗೆ ಊರಿನ ಅಪ್ಪ ಸುಮ್ಮನೆ ನುಗ್ಗುವುದಿಲ್ಲ. ನುಗ್ಗಿದನೆಂದರೆ, ಆ ಒಂದು ಸಾಲಿನಲ್ಲೇ ಮಗಳ ಮೇಲಿನ ಜೀವ ಎಷ್ಟೆಂದು ತಿಳಿಯುತ್ತದೆ.

ಮಗಳು ಕಾಣೆಯಾದಾಗ ಅವಳ ವಯಸ್ಸೇ ಕಥೆಯನ್ನು ಎರಡು ದಾರಿಗೆ ಹಚ್ಚುತ್ತದೆ. ಹದಿನೆಂಟು ತುಂಬಿಲ್ಲದಿದ್ದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು, 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನ ಅದು. "ನಾಳೆ ಬನ್ನಿ, ಬರ್ತಾಳೆ ಬಿಡಿ" ಎಂದು ಇನ್‌ಸ್ಪೆಕ್ಟರ್ ವಾಪಸು ಕಳಿಸುವ ದೃಶ್ಯ ಬರೆಯಬಾರದೆಂದಲ್ಲ. ಬರೆದರೆ ಅವನು ತಪ್ಪು ಮಾಡುತ್ತಿದ್ದಾನೆಂದು ಯಾವುದಾದರೊಂದು ಪಾತ್ರಕ್ಕಾದರೂ ಗೊತ್ತಿರಬೇಕು. ಹದಿನೆಂಟು ದಾಟಿದ್ದರೆ, ಠಾಣೆಗೆ ಬಂದು ಸ್ವಂತ ಇಚ್ಛೆಯಿಂದ ಹೋದೆ ಎಂದು ಮಗಳು ಹೇಳಿದಲ್ಲಿಗೆ ಆ ದಾರಿ ಮುಗಿಯಿತು. ಅಪ್ಪನಿಗೆ ಆಮೇಲೆ ಉಳಿಯುವುದು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗಳನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂಬ ಅರ್ಜಿ. ಶಿವಮೊಗ್ಗ ಜಿಲ್ಲೆ ಬೆಂಗಳೂರು ಪೀಠಕ್ಕೆ ಸೇರಿದ್ದು, ಅವನನ್ನು ಧಾರವಾಡದ ಬಸ್ಸು ಹತ್ತಿಸಬೇಡಿ.

ಬೇರೆ ಧರ್ಮದ ಹುಡುಗನೊಂದಿಗಿನ ಪ್ರೇಮವಾದರೆ 1954ರ ವಿಶೇಷ ವಿವಾಹ ಕಾಯ್ದೆಯೇ ಗಡಿಯಾರ ಕೊಡುತ್ತದೆ. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದಿರಬೇಕು. ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟರೆ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಚ್ಚುತ್ತಾರೆ, ಆಕ್ಷೇಪಣೆಗೆ ಮತ್ತೆ 30 ದಿನ. ಮದುವೆಯ ದಿನ ಮೂವರು ಸಾಕ್ಷಿಗಳು. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಹೊಸ ನೋಟಿಸ್ ಕೊಡಬೇಕು. ಅಂದರೆ ಒಂದು ತಿಂಗಳು ಹೆಸರು ಬೋರ್ಡಿನ ಮೇಲೆ ನೇತಾಡುತ್ತಿರುತ್ತದೆ. ಜಮೀನಿನ ಕೆಲಸಕ್ಕೆ ಅದೇ ಉಪನೋಂದಣಾಧಿಕಾರಿ ಕಚೇರಿಗೆ ಅಪ್ಪನ ಪರಿಚಯದವರು ಓಡಾಡುತ್ತಿರುತ್ತಾರೆ. ಯಾವ ಅಪಹರಣಕಾರನೂ ಕೊಡಲಾಗದ ಉದ್ವೇಗ ಇದು. ಇಬ್ಬರೂ ಹಿಂದೂಗಳಾದರೆ ಈ 30 ದಿನದ ಕಾಟವಿಲ್ಲ. ಅದನ್ನು ಮರೆತು ಜಾತಿ ಬೇರೆಯಾದ ಜೋಡಿಗೂ ನೋಟಿಸ್ ಬೋರ್ಡು ಕಡ್ಡಾಯ ಎಂಬಂತೆ ಬರೆದರೆ ಥ್ರಿಲ್ಲರಿನ ಗಾಳಿ ಅಲ್ಲೇ ಹೋಗುತ್ತದೆ.

ದುಡ್ಡಿನ ವಿಷಯ ಒಂದು ಮಾತು. ಬ್ರಿಟನ್ನಿನಲ್ಲಿ ಸಾರ್ವಜನಿಕ ಗ್ರಂಥಾಲಯದಿಂದ ಓದುಗ ಪುಸ್ತಕ ಒಯ್ದಾಗ ಲೇಖಕನಿಗೆ ಸರ್ಕಾರದಿಂದ ಕೆಲವು ಪೆನ್ಸ್ ಸೇರುತ್ತದೆ, ವರ್ಷಕ್ಕೆ ಗರಿಷ್ಠ 6,600 ಪೌಂಡ್. ದೊಡ್ಡವರ ಕಾದಂಬರಿಗಳಲ್ಲಿ ಹೀಗೆ ಹೆಚ್ಚು ಎರವಲು ಹೋಗುವವುಗಳಲ್ಲಿ ಥ್ರಿಲ್ಲರುಗಳೇ ಬಹಳ. ನಮ್ಮ ಊರುಗಳ ಬಾಡಿಗೆ ಲೈಬ್ರರಿಗಳಲ್ಲಿ ಹೊಲಿಗೆ ಬಿಡುವವರೆಗೆ ಓದಿಸಿಕೊಂಡ ಕಾದಂಬರಿಗಳ ಲೇಖಕಿಯರಿಗೆ ಆ ಓದಿನಿಂದ ಒಂದು ಪೈಸೆಯೂ ಬರಲಿಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ಬಂದಾಗ ಅವರಿಗೆ ನಲವತ್ತು ದಾಟಿತ್ತು. ಮನೆವಾರ್ತೆಯ ಒಳಗುಟ್ಟು ಬಲ್ಲವರು ಬರೆದರು, ಬಲ್ಲವರು ಓದಿದರು. ಈಗ ಕಂತಿಗೆ ಇಷ್ಟೆಂದು ಕಾಸು ಸಿಗುತ್ತಿದೆ, ಒಳ್ಳೆಯದೇ. ಆದರೆ ಕಂತು ಉದ್ದವಾಗಲೆಂದು ಅಪ್ಪನಿಗೆ ಎರಡೆರಡು ಸಲ ಹೃದಯಾಘಾತ ಮಾಡಿಸುವುದು ಬೇಡ.

ನನ್ನ ಪ್ರಕಾರ ಅಪ್ಪ–ಮಕ್ಕಳ ಥ್ರಿಲ್ಲರಿಗೆ ಮಲೆನಾಡಿನಲ್ಲಿ ಅತ್ಯಂತ ಫಲವತ್ತಾದ ನೆಲ ಆಸ್ತಿ. ಮೊದಲನೆಯದಾಗಿ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ಊರು ಮುಳುಗಿದ ಮನೆತನಗಳು. ಎಬ್ಬಿಸಿ ತಂದು ಕಾಡಿನಂಚಿಗೆ ಬಿಟ್ಟವರಲ್ಲಿ ಎಷ್ಟೋ ಜನರ ಹೆಸರಿಗೆ ಇನ್ನೂ ಪಹಣಿ ಇಲ್ಲ. ಅಂಥ ಅಪ್ಪ ಮಗನಿಗೆ ಬಿಟ್ಟುಹೋಗುವುದು ಒಂದು ಕಟ್ಟು ಅರ್ಜಿಗಳನ್ನು. ಅದನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂಬುದರಲ್ಲೇ ಒಂದು ಕಾದಂಬರಿ ಇದೆ. ಎರಡನೆಯದು, ತೋಟವನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟು ಮೂಲೆಗೆ ಬಿದ್ದ ಅಪ್ಪ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿ (ಎಸಿ) ಮುಂದೆ ಹೋಗಿ ಆ ದಾನಪತ್ರವನ್ನೇ ರದ್ದು ಮಾಡಿಸಲು ಅವನಿಗೆ ಅವಕಾಶವಿದೆ. ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿ ಇತ್ತೇ ಎಂಬುದರ ಮೇಲೆ ಇಡೀ ಜಗಳ ನಿಲ್ಲುತ್ತದೆ. ಪತ್ರ ಬರೆದವನು ಆ ಸಾಲನ್ನು ಬಿಟ್ಟಿದ್ದು ಮರೆತೋ, ಬೇಕೆಂದೋ?

ಮೂರನೆಯದು ಮಗಳ ಪಾಲು. ಇಲ್ಲಿ ತಾರೀಖುಗಳೇ ಪಾತ್ರಗಳು. ಹೆಣ್ಣುಮಕ್ಕಳಿಗೂ ಪಾಲು ಕೊಡಲು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಗೆ ಬಂದು, ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಬಂದು ಎಲ್ಲ ಮಗಳಂದಿರಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಕೊಟ್ಟಿತು. ಆ ದಿನ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೊಡ್ಡ ಕಿಂಡಿಯೊಂದು ಉಳಿದಿದೆ: 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ, ಇಲ್ಲವೇ ಕೋರ್ಟಿನ ಡಿಕ್ರಿಯಿಂದಾದ ಪಾಲು ಮತ್ತೆ ತೆರೆಯುವಂತಿಲ್ಲ.

ಈ ಕಿಂಡಿಯಲ್ಲಿ ಕಥೆ ಇಡಿ. ಅಪ್ಪಯ್ಯ ತೀರಿಕೊಂಡು ಹದಿಮೂರು ದಿನದ ಕಾರ್ಯ ಮುಗಿದಿದೆ. ಬೆಂಗಳೂರಿನ ಮಗಳು ಹೊರಡುವ ದಿನ ಅಣ್ಣ ಒಂದು ಜೆರಾಕ್ಸ್ ತೋರಿಸುತ್ತಾನೆ. ಪಾಲು 2004ರಲ್ಲೇ ಆಗಿಹೋಗಿದೆ, ಅಪ್ಪಯ್ಯನೇ ಮುಂದೆ ನಿಂತು ಮಾಡಿಸಿದ್ದು, ನಿನಗೆ ಏನೂ ಬರುವುದಿಲ್ಲ. ಪತ್ರದ ಕೊನೆಯಲ್ಲಿ ಅಪ್ಪಯ್ಯನ ಸಹಿ ಇದೆ. ಅವಳಿಗೆ ಆಸ್ತಿಗಿಂತ ಹೆಚ್ಚಾಗಿ ತಿಳಿಯಬೇಕಾದ್ದು, ತನ್ನನ್ನು ಬಿಟ್ಟು ಪಾಲು ಮಾಡಲು ಅಪ್ಪಯ್ಯ ನಿಜಕ್ಕೂ ಒಪ್ಪಿದ್ದನೇ ಎಂಬುದು. ಜೆರಾಕ್ಸಿನ ಮೇಲೆ ನೋಂದಣಿ ಸಂಖ್ಯೆಯ ಜಾಗ ಮಸುಕಾಗಿದೆ. ಸರ್ವೆ ನಂಬರು ಗೊತ್ತಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆ ಕಾಲದ ಇಸಿ, ಅಂದರೆ ಆ ಜಮೀನಿನ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ, ತೆಗೆಸಬಹುದು. ಪತ್ರ ನಿಜವಾಗಿ ನೋಂದಣಿಯಾಗಿದ್ದರೆ ಅದರಲ್ಲಿ ಬಂದೇ ಬರಬೇಕು. ಬಸ್ಸಿನ ಟಿಕೆಟ್ ರದ್ದು ಮಾಡಿ ಅವಳು ಇಸಿಗೆ ಅರ್ಜಿ ಹಾಕುವಲ್ಲಿಗೆ ಮೊದಲ ಕಂತು ನಿಲ್ಲಿಸಬಹುದು.