ಮಣ್ಣು ಮುಟ್ಟದ ಪಿಕಪ್

ಪಿಕಪ್ ಅಂದ ಮೇಲೆ ಹಿಂದೆ ಏನಾದರೂ ತುಂಬಬೇಕು ಅಲ್ವಾ? ಮರಳು, ಗೊಬ್ಬರ, ಇಲ್ಲವೇ ಮನೆ ಬದಲಿಸುವಾಗ ಹಳೇ ಮಂಚ. ಆದರೆ ಅಮೆರಿಕದ ಶೆವ್ರೊಲೆ ಕಂಪನಿಯ ಎಸ್‌ಎಸ್‌ಆರ್ ಅನ್ನುವ, ಮಾಡು ತೆರೆದು ಮುಚ್ಚುವ ಪಿಕಪ್‌ನ ಹಿಂಭಾಗದಲ್ಲಿ ಕಾರ್ಪೆಟ್ ಹಾಸಿದ್ದಾರೆ! ಮೇಲೊಂದು ಗಟ್ಟಿ ಮುಚ್ಚಳ. ಬೇಕೆಂದವರಿಗೆ ಮರದ ಪಟ್ಟಿಗಳ ಅಲಂಕಾರ ಬೇರೆ. ಇದರಲ್ಲಿ ಗೊಬ್ಬರ ಹೇರುವ ಧೈರ್ಯ ಯಾರಿಗಿದೆ?

2000ದ ಡೆಟ್ರಾಯಿಟ್ ಆಟೋ ಶೋದಲ್ಲಿ ಮಾದರಿ ತೋರಿಸಿದರು, ಜನ ಮೆಚ್ಚಿದರು, 2003ರಲ್ಲಿ ಮಾರಾಟಕ್ಕೆ ಬಿಟ್ಟರು. ಮುಖ, ಉಬ್ಬಿದ ಮಡ್‌ಗಾರ್ಡು ಎಲ್ಲ 1947ರಿಂದ 55ರವರೆಗಿನ ಶೆವ್ರೊಲೆ ಟ್ರಕ್ಕುಗಳದು. ಒಟ್ಟು ಸುಮಾರು 24 ಸಾವಿರ ತಯಾರಾದವು, ಅಷ್ಟೇ. 2006ರಲ್ಲಿ ಇದನ್ನು ತಯಾರಿಸುತ್ತಿದ್ದ ಮಿಷಿಗನ್‌ನ ಲ್ಯಾನ್ಸಿಂಗ್ ಕಾರ್ಖಾನೆಗೂ ಬೀಗ ಬಿತ್ತು. ಹಳೇದರ ಹಾಗೆ ಕಾಣಲಿ ಅಂತ ಮಾಡಿದ ಹೊಸ ಗಾಡಿ ಈಗ ತಾನೂ ಹಳೇದಾಗಿದೆ. ಒಂದು ಲಾಭ, ಇದರ ಫ್ಯಾಷನ್ ಹೋಯಿತು ಅಂತ ಯಾರೂ ಹೇಳುವ ಹಾಗಿಲ್ಲ.

ನನಗೆ ಇದರ ಹುಚ್ಚು ಹಿಡಿದಾಗ ಮನೆಯವಳು ಕೇಳಿದ್ದು ಒಂದೇ. "ಎಷ್ಟು ಜನ ಕೂರಬಹುದು?"

"ಇಬ್ಬರು."

"ಊರಿಂದ ಅಪ್ಪ ಅಮ್ಮ ಬಂದ್ರೆ ಎಲ್ಲಿ ಕೂರಿಸ್ತೀರಿ?"

ಹಿಂದೆ ಕಾರ್ಪೆಟ್ ಇದೆಯಲ್ಲ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

ಸೆಕೆಂಡ್ ಹ್ಯಾಂಡ್ ಹುಡುಕುವವರು 2005, 2006ರ ಗಾಡಿಗಳಿಗೇ ಜಾಸ್ತಿ ಆಸೆಪಡುತ್ತಾರೆ. ಅದಕ್ಕೆ ಕಾರಣವೂ ಇದೆ. ಎರಡು ಟನ್ನಿಗೂ ಮೀರಿದ ಈ ದಢೂತಿ ದೇಹಕ್ಕೆ ಮೊದಲು ಕೊಟ್ಟದ್ದು 5.3 ಲೀಟರಿನ, 300 ಅಶ್ವಶಕ್ತಿಯ ಎಂಜಿನ್. ನೋಡಲು ಪೈಲ್ವಾನ, ಓಟ ಮಾತ್ರ ಸಾಧಾರಣ ಅಂತ ಜನ ಗೊಣಗಿದರು. 2005ರಲ್ಲಿ 6 ಲೀಟರಿನ, 390 ಅಶ್ವಶಕ್ತಿಯ ಎಂಜಿನ್ ಬಂತು, ಬೇಕಾದವರಿಗೆ ಆರು ಗೇರಿನ ಮ್ಯಾನುಯಲ್ ಕೂಡ.

ನಾವು ನೋಡಲು ಹೋದ ಗಾಡಿಯ ಯಜಮಾನರು ಹೊದಿಕೆ ಸರಿಸುತ್ತಾ, "ಮಳೆಯಲ್ಲಿ ಓಡಿಸಿಯೇ ಇಲ್ಲ" ಅಂದರು. ಹಬ್ಬಕ್ಕೆ ಮಾತ್ರ ಹೊರತೆಗೆಯುವ ಬೆಳ್ಳಿ ತಟ್ಟೆಯ ಹಾಗೆ ಇಟ್ಟಿದ್ದರು. ಇಂಥ ಗಾಡಿಗಳ ಹಣೆಬರಹವೇ ಇದು. ಹೊಸದಾಗಿ ಕೊಂಡವರು ದುಡ್ಡು ಕೊಟ್ಟು, ಇನ್ಶೂರೆನ್ಸ್ ಕಟ್ಟಿ, ಧೂಳು ಒರೆಸಿ ಕಾಪಾಡುತ್ತಾರೆ. ಓಡಿಸುವ ಸುಖ ಎರಡನೆಯವರಿಗೆ. ನಾನು ಎರಡನೆಯವನಾಗಲು ಸಿದ್ಧನಿದ್ದೆ.

ಟಾಪನ್ನು ಎರಡು ಸಲ ತೆಗೆಸಿ ಮುಚ್ಚಿಸಿದೆ. ಅರ್ಧಕ್ಕೆ ನಿಂತರೆ ರಿಪೇರಿ ಮಾಡುವವರು ಎಲ್ಲ ಕಡೆ ಸಿಗುವುದಿಲ್ಲ ನೋಡಿ. ಗುಂಡಿ ಒತ್ತಿದರೆ ಮೋಟಾರು ಗುಂಯ್‌ಗುಡುತ್ತದೆ. ಇಡೀ ಮಾಡು ಮೇಲೆದ್ದು, ಎರಡು ಹಲಗೆಯಾಗಿ ಮಡಚಿಕೊಂಡು, ಸೀಟಿನ ಬೆನ್ನ ಹಿಂದಿನ ಸಂದಿನಲ್ಲಿ ನೆಟ್ಟಗೆ ಇಳಿದು ನಿಲ್ಲುತ್ತದೆ. ಕಬ್ಬಿಣಕ್ಕೆ ಇಷ್ಟು ನಾಜೂಕು ಎಲ್ಲಿಂದ ಬಂತೋ!

ಪಕ್ಕದ ಸೀಟಿನಲ್ಲಿ ಸುಮ್ನೆ ಕೂತಿದ್ದವಳು ಕೈ ಚಾಚಿ ತಾನೇ ಗುಂಡಿ ಒತ್ತಿದಳು. ಟಾಪು ಮುಚ್ಚಿತು. ಮತ್ತೆ ಒತ್ತಿದಳು. ಬಿಸಿಲು ಮುಖಕ್ಕೆ ಬಿತ್ತು.

"ಸ್ವಲ್ಪ ಕಮ್ಮಿ ಮಾಡ್ತಾರಾ ಕೇಳ್ರೀ," ಅಂದಳು.